ನಡುರಸ್ತೆಯ ಗೋಡೆ

ಚನ್ನಪಟ್ಟಣದ ನನ್ನ ಮನೆ ಓನರನ್ನು ಕಂಡರೆ ಮೊದಲ ವಾರದಿಂದಲೇ ನನಗೆ ಆಗುತ್ತಿರಲಿಲ್ಲ. ಅವರಿಗೂ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ. ಜಗಳ ಶುರುವಾದದ್ದು ನೀರಿನ ಮೋಟಾರಿನ ಸ್ವಿಚ್ಚಿನಿಂದ. ಮಹಡಿ ಮೆಟ್ಟಿಲ ಕೆಳಗೆ ಒಂದೇ ಬಣ್ಣದ, ಒಂದೇ ಅಳತೆಯ ಎರಡು ಸ್ವಿಚ್ಚುಗಳು ಅಕ್ಕಪಕ್ಕದಲ್ಲಿದ್ದವು. ಒಂದು ಮೋಟಾರಿನದು, ಇನ್ನೊಂದು ಗೇಟಿನ ದೀಪದ್ದು. ದೀಪ ಹಾಕಲು ಹೋದವರು ಮೋಟಾರು ಹಾಕಿಬಿಡುತ್ತಿದ್ದರು. ಟ್ಯಾಂಕು ತುಂಬಿ, ನೀರು ಮಹಡಿ ಮೇಲಿದ್ದ ನನ್ನ ಅಡುಗೆಮನೆಯ ಕಿಟಕಿಯೊಳಕ್ಕೆ ಸುರಿಯುತ್ತಿತ್ತು. ನಾನು ಮೋಟಾರಿನ ಸ್ವಿಚ್ಚಿಗೆ ಒಂದು ಚೂರು ಕೆಂಪು ಟೇಪು ಅಂಟಿಸಿದೆ. ಮಾರನೆಯ ದಿನ ಓನರು ಅದನ್ನು ಉಗುರಿನಿಂದ ಕೆರೆದು ಕಿತ್ತು, ಮೆಟ್ಟಿಲ ಕೆಳಗೆ ನಿಂತು ನನ್ನನ್ನು ಕೂಗಿದರು.

"ನಮ್ಮನೆ ಸ್ವಿಚ್ಚು ನಮಗೆ ಗೊತ್ತೈತೆ ಕಣಮ್ಮ. ನೀನು ಬಂದು ಹೇಳ್ಕೊಡೋ ಅಂಗಿಲ್ಲ."

"ಗೊತ್ತಿದ್ದರೆ ದಿನಾ ಯಾಕೆ ನೀರು ಚೆಲ್ಲುತ್ತೆ?"

"ಚೆಲ್ಲೋದು ನಮ್ಮ ನೀರು ತಾನೆ?" ಎಂದು ಹೇಳಿ ಒಳಗೆ ಹೋದರು. ನಾನು ಡಿಸೈನರ್ ಎಂದಾಗ, "ಸೀರೆ ಡಿಸೈನಾ?" ಎಂದು ಕೇಳಿದ್ದವರು ಅವರೇ. ಅಲ್ಲ, ಮೆಷಿನ್ನುಗಳ ಗುಂಡಿ, ತಿರುಗಿಸುವ ನಾಬು, ಅವುಗಳ ಮೇಲಿನ ಬರಹ ಎಲ್ಲಿರಬೇಕು, ಹೇಗಿರಬೇಕು ಅಂತ ನೋಡುವ ಕೆಲಸ ಎಂದು ವಿವರಿಸಿದ್ದೆ. "ಅದಕ್ಕೂ ಸಂಬಳ ಕೊಡ್ತಾರಾ?" ಎಂದಿದ್ದರು.

ಕೊಡುತ್ತಿದ್ದರು. ರಾಮನಗರದ ಹತ್ತಿರದ ಒಂದು ಕಾರ್ಖಾನೆಯಲ್ಲಿ ನನ್ನ ಕೆಲಸ. ಅಲ್ಲಿ ವಾಷಿಂಗ್ ಮೆಷಿನ್, ಮಿಕ್ಸಿ ತಯಾರಾಗುತ್ತಿದ್ದವು. ಆ ವರ್ಷಗಳಲ್ಲಿ ಹೆದ್ದಾರಿಯ ಉದ್ದಕ್ಕೂ ಅಂಥ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದವು. ನಿನ್ನೆ ರಾಗಿ ಹೊಲವಾಗಿದ್ದಲ್ಲಿ ಇವತ್ತು ತಂತಿ ಬೇಲಿ, ನಾಳೆ ಸಿಮೆಂಟ್ ಇಟ್ಟಿಗೆಯ ಕಾಂಪೌಂಡು, ಆಮೇಲೆ ನೀಲಿ ತಗಡಿನ ಚಾವಣಿ, ಗೇಟಿನಲ್ಲಿ ಸೀಟಿ ಊದುವ ಸೆಕ್ಯುರಿಟಿ. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಕಡೆಯ ನಮ್ಮ ಅಪ್ಪ ಹೊಲದಲ್ಲಿ ಬದು ಹಾಕುವಾಗಲೂ ಪಕ್ಕದವನನ್ನು ಕರೆದು ಕೇಳುತ್ತಿದ್ದರು. ಈ ಕಾರ್ಖಾನೆಗಳ ಕಾಂಪೌಂಡು ಹಾಕುವವರು ಯಾರನ್ನೂ ಕೇಳುತ್ತಿರಲಿಲ್ಲ. ಕೆರೆಗೆ ಹೋಗುವ ದಾರಿ, ಸ್ಮಶಾನಕ್ಕೆ ಹೋಗುವ ದಾರಿ, ಮಕ್ಕಳು ಸ್ಕೂಲಿಗೆ ಹೋಗುವ ಅಡ್ಡದಾರಿ ಎಲ್ಲವನ್ನೂ ಒಳಗೆ ಸೇರಿಸಿಕೊಂಡು ಗೋಡೆ ಎತ್ತುತ್ತಿದ್ದರು.

ಕೆಲಸದ ಮೇಲೆ ನಾನು ಆಗಾಗ ಊರೂರು ಸುತ್ತುತ್ತಿದ್ದೆ. ನಮ್ಮ ಮೆಷಿನ್ನು ಕೊಂಡವರ ಮನೆಗೆ ಹೋಗಿ ಅವರು ಅದನ್ನು ಹೇಗೆ ಬಳಸುತ್ತಾರೆ ಎಂದು ನೋಡಿ ಬರಬೇಕಿತ್ತು. ಹೊಂಗನೂರಿನ ಒಂದು ಮನೆಯಲ್ಲಿ ವಾಷಿಂಗ್ ಮೆಷಿನ್ನಿನ ಮೇಲೆ ಟಿ.ವಿ. ಕೂರಿಸಿ, ಅದರ ಮೇಲೆ ಕ್ರೋಶಾ ಬಟ್ಟೆ ಹೊದಿಸಿದ್ದರು. ಮೆಷಿನ್ನು ಮದುವೆಗೆ ಬಂದ ಉಡುಗೊರೆಯಂತೆ. "ಆ ಗುಂಡಿ ಯಾವ್ದಕ್ಕೆ ಅಂತ ತಿಳೀದು, ಸುಟ್ಟುಗಿಟ್ಟು ಓದಾತು ಅಂತ ಸುಮ್ಕೆ ಮಡಗಿವ್ನಿ," ಎಂದರು ಆ ಮನೆಯ ಸೊಸೆ. ಕನಕಪುರದಲ್ಲಿ ಒಬ್ಬ ಟೀಚರು ಮಿಕ್ಸಿಯ ನಾಬಿನ ಮೇಲೆ ಉಗುರುಬಣ್ಣದಿಂದ ತಾವೇ ಗುರುತು ಹಾಕಿಕೊಂಡಿದ್ದರು. ನಾವು ಅಚ್ಚು ಹಾಕಿದ್ದ ಅಂಕಿಗಳು ಆರು ತಿಂಗಳಲ್ಲಿ ಅಳಿಸಿಹೋಗಿದ್ದವು.

ಇದನ್ನೆಲ್ಲ ಬರೆದುಕೊಂಡು ಬಂದು ನಮ್ಮ ಮ್ಯಾನೇಜರಿಗೆ ಹೇಳುತ್ತಿದ್ದೆ. ಅಕ್ಷರ ದೊಡ್ಡದು ಮಾಡೋಣ, ಕನ್ನಡದಲ್ಲೂ ಹಾಕೋಣ, ನಿಲ್ಲಿಸುವ ಗುಂಡಿಯನ್ನಾದರೂ ಬೇರೆ ಬಣ್ಣ ಮಾಡೋಣ ಎನ್ನುತ್ತಿದ್ದೆ. ಅವರು ಮೊಬೈಲು ನೋಡುತ್ತಲೇ ಒಂದೇ ಮಾತು ಹೇಳುತ್ತಿದ್ದರು: "ನಾಲ್ಕು ದಿನ ಆದರೆ ಯೂಸರ್ಸಿಗೆ ಅಭ್ಯಾಸ ಆಗುತ್ತೆ." ಯೂಸರ್ಸ್ ಎಂಬ ಪದವನ್ನು ಅವರು ದನಗಳು ಎಂಬಂತೆ ಹೇಳುತ್ತಿದ್ದರು. ಆ ಪದ ಕೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಮನುಷ್ಯರಿಗೆ ಏನನ್ನು ಬೇಕಾದರೂ ಅಭ್ಯಾಸ ಮಾಡಿಸಬಹುದು, ನಿಜ. ಒಂದು ಚಪ್ಪಲಿ ಕಚ್ಚಿದರೂ ಕುಂಟಿಕೊಂಡು ನಡೆಯುವುದು ಅಭ್ಯಾಸವಾಗುತ್ತದೆ. ಹಾಗಂತ ಚಪ್ಪಲಿ ಹೊಲಿದವನು ಜಂಬ ಕೊಚ್ಚಿಕೊಳ್ಳುವುದಿಲ್ಲ.

ನಮ್ಮ ಬೀದಿ ಹೆದ್ದಾರಿಗೆ ತಾಗಿಕೊಂಡಿತ್ತು. ರಸ್ತೆ ಅಗಲವಾಗುವ ಮೊದಲು ಅದು ಬೀದಿಯ ಜನಕ್ಕೆ ಅಡ್ಡಿಯೇ ಆಗಿರಲಿಲ್ಲ ಎಂದು ಹೇಳುತ್ತಿದ್ದರು. ಬಸ್‌ಸ್ಟಾಪು, ಹಾಲಿನ ಡೇರಿ, ಹಿಟ್ಟಿನ ಗಿರಣಿ ಎಲ್ಲ ಆಚೆ ಕಡೆ. ಹೆಂಗಸರು ಎರಡೂ ಕಡೆ ನೋಡಿ, ಸೆರಗು ಸಿಕ್ಕಿಸಿಕೊಂಡು, ಮಾತು ಮುಂದುವರಿಸುತ್ತಲೇ ದಾಟಿಬಿಡುತ್ತಿದ್ದರು. ನನ್ನ ಮನೆ ಓನರಮ್ಮನ ತಂಗಿಯನ್ನು ಕೊಟ್ಟಿದ್ದದ್ದೂ ಆಚೆ ಕಡೆಯ ಬೀದಿಗೇ. ಅಕ್ಕನ ಮನೆಯಲ್ಲಿ ಹುರುಳಿಕಾಳಿನ ಬಸ್ಸಾರು ಮಾಡಿದರೆ ತಂಗಿಯ ಮನೆಗೆ ಒಂದು ಪಾತ್ರೆ ಹೋಗುತ್ತಿತ್ತು. ಅದೇ ಪಾತ್ರೆಯಲ್ಲಿ ಅಲ್ಲಿಂದ ಇನ್ನೇನಾದರೂ ಬರುತ್ತಿತ್ತು. ಇಬ್ಬರೂ ಮದುವೆಯಾಗಿ ಬಂದಾಗಿನಿಂದ ಹಾಗೇ.

ಓನರಮ್ಮ ಗಂಡನ ಹಾಗಲ್ಲ. ಜೋರು ಬಾಯಿ, ಆದರೆ ಒಳಗೇನೂ ಇಟ್ಟುಕೊಳ್ಳುವವರಲ್ಲ. ನಾನೊಬ್ಬಳೇ ಇರುವುದು ಅವರಿಗೂ ಸರಿಕಾಣುತ್ತಿರಲಿಲ್ಲ. ಅದನ್ನು ನನ್ನ ಮುಖದ ಮೇಲೇ ಹೇಳಿದ್ದರು. ಹೇಳಿದ ಮೇಲೆ ಒಂದು ಮುದ್ದೆ, ಸಾರು ತಂದು ಮೆಟ್ಟಿಲ ಮೇಲಿಟ್ಟು, "ಬಿಸಿ ಆರೋಗ್ತದೆ, ಉಣ್ಣು," ಎಂದಿದ್ದರು.

ನಾನು ಆ ಮನೆಗೆ ಹೋದ ವರ್ಷವೇ ರಸ್ತೆ ಅಗಲ ಮಾಡುವ ಕೆಲಸ ನಮ್ಮ ಬೀದಿಯ ತನಕ ಬಂತು. ಜಲ್ಲಿ, ಟಾರು, ಧೂಳು. ರಸ್ತೆ ನುಣುಪಾಯಿತು, ಗಾಡಿಗಳ ವೇಗ ಹೆಚ್ಚಿತು. ಕೊನೆಗೆ ನಡುವೆ ಡಿವೈಡರ್ ಎದ್ದಿತು. ಸೊಂಟದೆತ್ತರದ ಸಿಮೆಂಟಿನ ಗೋಡೆ, ಅದರ ಮೇಲೆ ಭರ್ಜಿಯಂಥ ಚೂಪು ತುದಿಗಳ ಕಬ್ಬಿಣದ ಗ್ರಿಲ್ಲು. ನಮ್ಮ ಬೀದಿಯ ಎದುರಿಗೆ ಜನ ದಾಟಲೆಂದು ಒಂದು ಸಂದು ಬಿಟ್ಟಿದ್ದರು. ಪರವಾಗಿಲ್ಲ, ಯಾರೋ ಯೋಚನೆ ಮಾಡಿದ್ದಾರೆ ಎಂದುಕೊಂಡೆ.

ಆ ಸಂದು ಹೆಚ್ಚು ದಿನ ಉಳಿಯಲಿಲ್ಲ. ಅಲ್ಲಿಂದ ಸಾಕಷ್ಟು ದೂರದಲ್ಲಿ, ಊರ ಹೊರಗೆ, ಒಂದು ದೊಡ್ಡ ಹೋಟೆಲು ತೆರೆಯಿತು. ಮೈಸೂರಿಗೆ ಹೋಗಿಬರುವ ಕಾರಿನವರು ತಿಂಡಿಗೆ ನಿಲ್ಲುವಂಥದ್ದು. ಹೋಟೆಲು ತೆರೆದ ಸ್ವಲ್ಪ ದಿನಕ್ಕೇ ಅದರ ಎದುರಿಗೆ, ಆಚೆ ಕಡೆಯ ಕಾರುಗಳು ತಿರುಗಿಕೊಂಡು ಬರಲು ಅನುಕೂಲವಾಗುವಂತೆ, ಅಗಲವಾದ ದಾರಿ ಬಿಟ್ಟರು. ಹತ್ತಿರ ಹತ್ತಿರ ಎರಡು ಸಂದು ಇರಕೂಡದು ಎಂದು ಹೇಳಿ ನಮ್ಮದನ್ನು ಸಿಮೆಂಟು ಹಾಕಿ ಮುಚ್ಚಿದರು. ಮುಚ್ಚುವವರನ್ನು ಬೀದಿಯವರು ಕೇಳಿದ್ದಕ್ಕೆ, "ನಮಗೇನು ಗೊತ್ತು, ಮೇಲಿನವರು ಹೇಳವ್ರೆ," ಎಂದರು. ಹೋಟೆಲಿನ ಮಾಲೀಕ ನಮ್ಮ ಓನರಿನ ಬಾಲ್ಯದ ಗೆಳೆಯ, ಇಬ್ಬರೂ ಒಂದೇ ಊರಿನವರು. ಯಾರಾದರೂ ಈ ವಿಷಯ ಎತ್ತಿದಾಗಲೆಲ್ಲ ಓನರು ಬೇರೆ ಮಾತಿಗೆ ಹೋಗುತ್ತಿದ್ದರು.

ಬೀದಿಯವರಿಗೆ ಉಳಿದದ್ದು ಎರಡೇ ದಾರಿ. ಹೋಟೆಲಿನ ತನಕ ನಡೆದು, ದಾಟಿ, ಅಷ್ಟೇ ದೂರ ವಾಪಸು ನಡೆಯಬೇಕು. ಇಲ್ಲವೇ ಗೋಡೆ ಹತ್ತಿ ಗ್ರಿಲ್ಲು ದಾಟಬೇಕು. ಹುಡುಗರು, ಗಂಡಸರು ಹತ್ತಿ ಹಾರುತ್ತಿದ್ದರು. ರೇಷ್ಮೆಗೂಡು ತುಂಬಿದ ಚೀಲಗಳನ್ನು ಆಚೆಗೆ ಎಸೆದು ಹಿಂದೆಯೇ ಹಾರುವವರೂ ಇದ್ದರು. ಮುದುಕರು ಆಚೆ ಹೋಗುವುದನ್ನೇ ಬಿಟ್ಟರು. ನನ್ನ ಕಾರ್ಖಾನೆಯ ಬಸ್ಸು ಬೆಳಿಗ್ಗೆ ಆಚೆ ಕಡೆ ನಿಲ್ಲುತ್ತಿದ್ದರಿಂದ ನಾನೂ ದಿನಾ ಗೋಡೆ ಹತ್ತುತ್ತಿದ್ದೆ. ಹತ್ತುವಾಗ ಒಂದೊಂದು ಬೈಗುಳ ಬಾಯಿಗೆ ಬರುತ್ತಿತ್ತು. ಇದರ ನಕ್ಷೆ ಬರೆದವನು ಒಂದು ದಿನವಾದರೂ ಇಲ್ಲಿ ನಿಂತು ನೋಡಿದ್ದನೇ? ಕಾಗದದ ಮೇಲೆ ರಸ್ತೆ ಖಾಲಿ ಇರುತ್ತದೆ. ಅಲ್ಲಿ ಯಾರ ತಲೆಯ ಮೇಲೂ ಸೊಪ್ಪಿನ ಹೊರೆ ಇರುವುದಿಲ್ಲ.

ಆಗಲೇ ಓನರಮ್ಮನ ತಂಗಿಯ ಮಗಳು ಬಾಣಂತನಕ್ಕೆ ತವರಿಗೆ ಬಂದಳು. ಎಳೆಮಗುವಿಗೆ ಎರೆಯುವುದು ತಂಗಿಗೆ ಬರುತ್ತಿರಲಿಲ್ಲ. ಆ ಮನೆಯ ಮಕ್ಕಳಿಗೆಲ್ಲ ಎಣ್ಣೆ ತಿಕ್ಕಿ ನೀರು ಹಾಕಿದವರು ಓನರಮ್ಮನೇ. ಕಾಲು ಚಾಚಿ, ಮಗುವನ್ನು ಕಾಲಮೇಲೆ ಮಲಗಿಸಿಕೊಂಡು, ಗದರುತ್ತ, ನಗಿಸುತ್ತ ಎರೆಯುವುದು ಅವರಿಗೆ ಹಬ್ಬವಿದ್ದಂತೆ. ಗಂಡನಿಗೆ ಹೇಳಿದರು. ಓನರು, "ಓಟ್ಲು ತಾವ ದಾಟ್ಕೊಂಡು ಓಗು," ಎಂದರು.

"ಅಲ್ಲಿಗಂಟ ನಡ್ದು, ತಿರುಗ ಈಕಡೆಗೆ ನಡ್ದು, ನನ್ನ ಮಂಡಿ ಏನಾಗಬೇಕು?"

"ಅಂಗಾರೆ ಆಟೋದಲ್ಲಿ ಓಗು."

"ಎದುರುಮನೆಗೆ ಆಟೋದಲ್ಲಿ ಓಗ್ಬೇಕಾ? ನಾಚ್ಕೆ ಆಗಲ್ವಾ ಹೇಳಾಕೆ?"

ಮಾರನೆಯ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಓನರಮ್ಮ ಹರಳೆಣ್ಣೆಯ ಸಣ್ಣ ತಂಬಿಗೆ ಹಿಡಿದು ಗೇಟಿನಲ್ಲಿ ನಿಂತಿದ್ದರು. "ಒಸಿ ಕೈ ಇಡ್ಕೋ ಬಾರವ್ವ," ಎಂದರು. ಅಂದಿನಿಂದ ನಾನು ಮೊದಲು ಹತ್ತಿ ಆಚೆ ಇಳಿದು, ತಂಬಿಗೆ ತೆಗೆದುಕೊಂಡು, ಅವರ ಕೈ ಹಿಡಿದು ಇಳಿಸುತ್ತಿದ್ದೆ. ದಪ್ಪ ಮೈಯವರು. ಗ್ರಿಲ್ಲಿನ ಮೇಲೆ ಒಂದು ಕಾಲು ಈಚೆ, ಒಂದು ಕಾಲು ಆಚೆ ಇದ್ದಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದರು. ವಾಪಸು ಬರುವಾಗ ತಂಗಿ ಬಂದು ಹತ್ತಿಸುತ್ತಿದ್ದಳು.

ಒಂದು ದಿನ ನನ್ನ ಕಾರ್ಖಾನೆಯ ಬಸ್ಸು ಆಗಲೇ ಬಂದು ನಿಂತಿತ್ತು. ಓನರಮ್ಮ ಗ್ರಿಲ್ಲು ದಾಟಿ ಇಳಿಯುತ್ತಿದ್ದಾಗ ಹಿಂದಿನಿಂದ ಒಂದು ಲಾರಿ ಕಿವಿ ಕಿತ್ತುಹೋಗುವಂತೆ ಹಾರನ್ನು ಮಾಡಿತು. ಅವರು ಬೆದರಿ ಧುಮುಕಿಬಿಟ್ಟರು. ಅವರು ಕೆಳಗೆ ಬಂದರು, ಸೀರೆ ಬರಲಿಲ್ಲ. ನೆರಿಗೆ ಗ್ರಿಲ್ಲಿನ ಚೂಪಿಗೆ ಸಿಕ್ಕಿ, ಸೀರೆ ಪೂರ್ತಿ ಬಿಚ್ಚಿಕೊಂಡು ಗೋಡೆಯ ಮೇಲೆ ನೇತಾಡಿತು. ಹೆದ್ದಾರಿಯ ನಡುವೆ, ಹಾಡುಹಗಲಿನಲ್ಲಿ, ಮೊಮ್ಮಕ್ಕಳನ್ನು ಕಂಡ ಹೆಂಗಸು ರವಿಕೆ ಲಂಗದಲ್ಲಿ ಎರಡೂ ಕೈ ಎದೆಗೆ ಒತ್ತಿಕೊಂಡು ನಿಂತರು.

ನನ್ನ ಬಸ್ಸಿನ ಕಿಟಕಿಯಿಂದ ಯಾರೋ ನಕ್ಕರು. ನಾನು ಚೆನ್ನಾಗಿ ಕೇಳಿಸಿಕೊಂಡೆ. ಒಬ್ಬರಲ್ಲ, ಇಬ್ಬರು ಮೂವರು. ನನ್ನ ಜೊತೆ ಕ್ಯಾಂಟೀನಿನಲ್ಲಿ ಊಟಕ್ಕೆ ಕೂರುವವರು.

ನಾನು ದುಪಟ್ಟಾ ಬಿಚ್ಚಿ, ಎರಡೂ ಕೈಯಲ್ಲಿ ಅಗಲ ಹಿಡಿದು, ಅವರಿಗೂ ರಸ್ತೆಗೂ ನಡುವೆ ನಿಂತೆ. ಅವರು ಗೋಡೆಗೆ ಬೆನ್ನು ಮಾಡಿ ಕೂತು, ಸೀರೆಯನ್ನು ಜಗ್ಗಿದರು. ಅದು ಉದ್ದಕ್ಕೆ ಹರಿಯಿತು. ಹರಿದದ್ದನ್ನೇ ಸುತ್ತಿಕೊಂಡರು. ಅಳಲಿಲ್ಲ. ಬಸ್ಸು ನನಗಾಗಿ ಎರಡು ಸಲ ಹಾರನ್ನು ಮಾಡಿ ಹೊರಟುಹೋಯಿತು. ನಾನು ಅವರನ್ನು ತಂಗಿಯ ಮನೆಯ ತನಕ ಬಿಟ್ಟೆ. ಅವರು ತಂಗಿಯ ಸೀರೆ ಉಟ್ಟು, ಬಚ್ಚಲಿಗೆ ಹೋಗಿ, ಏನೂ ಆಗದವರಂತೆ ಮಗುವಿಗೆ ಎರೆದರು.

ಮನೆಗೆ ಬಂದ ಮೇಲೆ ಗಂಡನ ಜೊತೆ ಮಾತು ಬಿಟ್ಟರು. ಅಡುಗೆ ಮಾಡಿ ಮುಚ್ಚಿಡುತ್ತಿದ್ದರು, ಬಡಿಸುತ್ತಿರಲಿಲ್ಲ. ಸುದ್ದಿ ಬೀದಿಗೆಲ್ಲ ಹಬ್ಬಿತ್ತು. ಓನರಿಗೆ ಬೀದಿಯ ಗಂಡಸರು ಸೇರುವ ಅಂಗಡಿಯ ಮುಂದೆ ನಿಲ್ಲಲಾಗುತ್ತಿರಲಿಲ್ಲ. ನಾನು ಕಾರ್ಖಾನೆಗೆ ಹೋಗಿ, ನಕ್ಕವರಲ್ಲಿ ಒಬ್ಬನನ್ನು ಕ್ಯಾಂಟೀನಿನಲ್ಲೇ ನಿಲ್ಲಿಸಿ ಬಾಯಿಗೆ ಬಂದಂತೆ ಬೈದೆ. ಅವನು, "ನಗು ಬಂತು, ನಕ್ಕೆ, ಅದಕ್ಕೇನೀಗ?" ಎಂದ. ಆಮೇಲೆ ನನ್ನ ಮೇಜಿಗೆ ಯಾರೂ ಬಂದು ಕೂರುತ್ತಿರಲಿಲ್ಲ. ನನಗೂ ಅವರು ಬೇಕಿರಲಿಲ್ಲ.

ಭಾನುವಾರಗಳಲ್ಲಿ ನಾನು ನಮ್ಮ ಬೀದಿಯ ತುದಿಯ ಕಟ್ಟೆಯ ಮೇಲೆ ಕೂತು ಜನ ಎಲ್ಲೆಲ್ಲಿ ದಾಟುತ್ತಾರೆ ಎಂದು ದೊಡ್ಡ ಹಾಳೆಯ ಮೇಲೆ ಗೆರೆ ಎಳೆಯತೊಡಗಿದೆ. ನನಗೆ ಗೊತ್ತಿದ್ದದ್ದು ಅದೊಂದೇ ವಿದ್ಯೆ. ಹಾಲಿನವರು, ಗಿರಣಿಗೆ ಹೋಗುವವರು, ಸ್ಕೂಲಿನ ಮಕ್ಕಳು, ಮೇಕೆ ಹೊಡೆದುಕೊಂಡು ಹೋಗುವವರು. ಎಲ್ಲರ ಗೆರೆಗಳೂ ಮುಚ್ಚಿದ ಆ ಹಳೆಯ ಸಂದಿನ ಹತ್ತಿರವೇ ಬಂದು ಕೂಡುತ್ತಿದ್ದವು. ಹೋಟೆಲಿನ ಕಡೆಗೆ ಹೋಗುವ ಗೆರೆ ಒಂದೋ ಎರಡೋ.

ಒಂದು ಸಂಜೆ ಓನರು ಮೊದಲ ಸಲ ಮಹಡಿ ಹತ್ತಿ ನನ್ನ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ. ಗೋಡೆ ನೋಡಿಕೊಂಡು ಹೇಳಿದರು: "ಏನೋ ಮ್ಯಾಪು ಬರೀತಿದೀಯಂತಲ್ಲ. ನಾಳೆ ರಜ ಆಕು. ರಾಮನಗರದ ಆಪೀಸಿಗೆ ಓಗಿ ಕೇಳಾನ."

ರಾಮನಗರ ಆಗತಾನೇ ಜಿಲ್ಲೆಯಾಗಿತ್ತು. ಯಾವ ಕಚೇರಿ ಯಾವ ಕಟ್ಟಡದಲ್ಲಿದೆ ಎಂದು ಅಲ್ಲಿದ್ದವರಿಗೇ ತಿಳಿಯುತ್ತಿರಲಿಲ್ಲ. ಬಾಣದ ಗುರುತು ನಂಬಿಕೊಂಡು ಹೋದರೆ ಬೀಗ ಹಾಕಿದ ಬಾಗಿಲು ಸಿಗುತ್ತಿತ್ತು. ಓನರು ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಶರಟು ಹಾಕಿ ಬಂದಿದ್ದರು. ಅಂತೂ ಹುಡುಕಿ, ರಸ್ತೆ ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರ ಎದುರು ಕೂತೆವು. ಮರ್ಯಾದಸ್ಥ ಮನುಷ್ಯ, ಕಾಫಿಯನ್ನೂ ತರಿಸಿದ. ನನ್ನ ಹಾಳೆಯನ್ನು ಮೇಜಿನ ಮೇಲೆ ಹರಡಿದೆ. ಅವನು ನೋಡಿ ನಕ್ಕ.

"ಇದೇನು ಮೇಡಂ, ಇರುವೆ ಸಾಲಿನ ಥರ ಇದೆ?"

"ಇರುವೆ ಅಲ್ಲ, ಜನ. ಇಲ್ಲೇ ದಾಟುತ್ತಾರೆ, ಇಲ್ಲೇ ದಾರಿ ಬೇಕು."

"ಅಲ್ಲೊಂದು ಓಪನಿಂಗ್ ಕೊಟ್ಟಿದ್ದೀವಲ್ಲ, ಹೋಟೆಲ್ ಹತ್ತಿರ. ಅಲ್ಲೇ ದಾಟಲಿ. ಶುರುವಿನಲ್ಲಿ ಎಲ್ಲಾ ಕಡೆ ಹೀಗೇ ಗಲಾಟೆ ಮಾಡ್ತಾರೆ. ಆಮೇಲೆ ಜನಕ್ಕೆ ಅಭ್ಯಾಸ ಆಗುತ್ತೆ."

ನಮ್ಮ ಮ್ಯಾನೇಜರ ಮಾತು, ಅದೇ ಧಾಟಿ. ನನಗೆ ತಡೆಯಲಾಗಲಿಲ್ಲ. "ನಿಮ್ಮ ತಾಯಿನ ಒಂದು ದಿನ ಕರಕೊಂಡು ಬನ್ನಿ ಸಾರ್. ಆ ಗ್ರಿಲ್ಲು ನಾನೇ ಹತ್ತಿಸ್ತೀನಿ. ಸೀರೆ ಸಿಕ್ಕಿಕೊಂಡರೆ ಅದೂ ಅಭ್ಯಾಸ ಆಗುತ್ತಾ ಕೇಳೋಣ," ಎಂದೆ.

ಅವನ ಮುಖ ಕಪ್ಪಿಟ್ಟಿತು. ಓನರು ಅರ್ಧ ಎದ್ದು ಕೈಮುಗಿದರು. "ಬೇಜಾರ್ ಮಾಡ್ಕಬೇಡಿ ಸಾರ್. ಈಯಮ್ಮ ನಮ್ಮನೆ ಬಾಡಿಗೆಯವ್ರು. ಒಸಿ ಬಾಯಿ ಜಾಸ್ತಿ."

ಅಲ್ಲಿಗೆ ಮುಗಿಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ನಾವಿಬ್ಬರೂ ಕಿತ್ತಾಡಿದೆವು. ನಾನು ಕೆಲಸ ಕೆಡಿಸಿದೆ ಎಂದು ಅವರು, ಸೀರೆ ಕಳೆದುಕೊಂಡದ್ದು ಯಾರ ಹೆಂಡತಿ ಎಂದು ನಾನು. ಬಸ್ಸಿನಲ್ಲಿ ಅವರು ಡ್ರೈವರಿನ ಹಿಂದೆ ಕೂತರು, ನಾನು ಕೊನೆಯ ಸೀಟಿನಲ್ಲಿ. ಊರು ಬರುವ ತನಕ ಅವರ ಬಿಳಿ ಶರಟಿನ ಬೆನ್ನು ನೋಡುತ್ತ ಹಲ್ಲು ಕಡಿಯುತ್ತಿದ್ದೆ.

ಓನರಮ್ಮ ಗೇಟಿನಲ್ಲೇ ಕಾಯುತ್ತಿದ್ದರು. ಗಂಡನನ್ನು ಕೇಳಲಿಲ್ಲ, ನನ್ನನ್ನು ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆ.

"ಓಟ್ಲು ತಾವೇ ದಾಟಿ ಅಂದ್ನಾ?"

"ಹೂಂ. ಅಭ್ಯಾಸ ಆಗುತ್ತೆ ಅಂದ."

ಅವರು ಬಾಯಲ್ಲಿದ್ದ ಎಲೆಯಡಿಕೆಯನ್ನು ಚರಂಡಿಗೆ ಉಗಿದರು. "ಆಗ್ಲಿ ಬುಡು. ಅಲ್ಲೇ ದಾಟಾನ. ಎಲ್ಲಾರೂ ಅಲ್ಲೇ ದಾಟಾನ."

ಅವರ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಅರ್ಥವಾದದ್ದು ಭಾನುವಾರ ಬೆಳಿಗ್ಗೆ. ಹೋಟೆಲಿನಲ್ಲಿ ತಿಂಡಿಗೆ ಕಾರುಗಳು ಸಾಲುಗಟ್ಟುವ ಹೊತ್ತಿಗೆ ನಮ್ಮ ಬೀದಿಯ ಹೆಂಗಸರು ಗುಂಪಾಗಿ ಅಲ್ಲಿಗೆ ನಡೆದರು. ನಾನೂ ಹೋದೆ. ಆಚೆ ಬೀದಿಯಿಂದ ಓನರಮ್ಮನ ತಂಗಿ ತನ್ನ ಕಡೆಯವರನ್ನು ಕರೆದುಕೊಂಡು ಬಂದಳು. ಘೋಷಣೆಯಿಲ್ಲ, ಬ್ಯಾನರಿಲ್ಲ. ಸುಮ್ಮನೆ ದಾಟಿದೆವು. ಈಚೆಯವರು ಆಚೆಗೆ, ಆಚೆಯವರು ಈಚೆಗೆ. ಒಬ್ಬರಾದ ಮೇಲೆ ಒಬ್ಬರು, ನಿಧಾನವಾಗಿ, ಕೊಡ ಹಿಡಿದವರು, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತವರು, ರಾಗಿ ಚೀಲ ಇಟ್ಟುಕೊಂಡವರು. ಒಬ್ಬಾಕೆ ಎಮ್ಮೆ ಹೊಡೆದುಕೊಂಡು ಬಂದಿದ್ದಳು. ಅದು ನಡುವೆ ನಿಂತು ಸಗಣಿ ಹಾಕಿ, ಕಾರುಗಳನ್ನು ನೋಡುತ್ತ ಮೆಲುಕು ಹಾಕಿತು. ದಾಟಿ ಮುಗಿಸಿದವರು ಒಂದು ಗಳಿಗೆ ನಿಂತು, ತಿರುಗಿ ಮತ್ತೆ ದಾಟುತ್ತಿದ್ದರು.

ತಿರುಗಿಕೊಳ್ಳಲು ಬಂದ ಕಾರುಗಳು ಅಲ್ಲೇ ನಿಂತವು. ಹಿಂದಿನವು ಹಾರನ್ನು ಬಡಿದವು. ಹೋಟೆಲಿನ ಸೆಕ್ಯುರಿಟಿ ಸೀಟಿ ಊದಿ ಊದಿ ಸುಸ್ತಾದ. ಬಹಳ ಕಾರುಗಳು ಬೇಸತ್ತು ನೇರ ಹೊರಟುಹೋದವು. ಒಬ್ಬ ಪೊಲೀಸಿನವನು ಬೈಕಿನಲ್ಲಿ ಬಂದು, ಏನು ನಡೀತಿದೆ ಇಲ್ಲಿ ಎಂದು ಗದರಿದ. ಓನರಮ್ಮ ಎಲ್ಲರಿಗಿಂತ ಮುಂದೆ ಇದ್ದರು.

"ರಸ್ತೆ ದಾಟ್ತಾ ಇವ್ನಿ ಸ್ವಾಮಿ. ಇಲ್ಲೇ ದಾಟಿ ಅಂತ ಇಂಜಿನಿಯರ್ರು ಯೋಳವ್ರೆ. ತಪ್ಪಾ?"

ಪೊಲೀಸಿನವನು, ಬೇಗ ಬೇಗ ದಾಟಿ ಎಂದ. "ಮಂಡಿ ನೋವು ಸ್ವಾಮಿ," ಎಂದರು ಓನರಮ್ಮ. ಅವನು ನೆರಳಿಗೆ ಹೋಗಿ ನಿಂತುಬಿಟ್ಟ.

ಕೊನೆಗೆ ಹೋಟೆಲಿನ ಮಾಲೀಕನೇ ಹೊರಗೆ ಬಂದ. ಮೊದಲು ನಯವಾಗಿ ಮಾತಾಡಿದ, ಆಮೇಲೆ ದನಿ ಏರಿಸಿದ. ಅಷ್ಟರಲ್ಲಿ ಯಾರೋ ಹೇಳಿ ನಮ್ಮ ಓನರು ಓಡಿಬಂದಿದ್ದರು. ಗೆಳೆಯನನ್ನು ಕಂಡವನೇ ಮಾಲೀಕ ಎಲ್ಲರೆದುರು ಕೂಗಿದ: "ಏನ್ಲಾ, ಎಂಡ್ರುನ್ನ ಮನೇಲಿ ಇಟ್ಕಳಾಕಾಗಲ್ವೇನ್ಲಾ ನಿಂಗೆ? ಅವತ್ತು ನಡುರೋಡ್ನಲ್ಲಿ ಸೀರೆ ಬಿಚ್ಕೊಂಡು ನಿಂತಿದ್ಲು, ಇವತ್ತು ಇಲ್ಲಿ ಬಂದವ್ಳೆ!"

ಹೆಂಗಸರೆಲ್ಲ ನಿಂತಲ್ಲೇ ನಿಂತರು. ಓನರು ಹೆಂಡತಿಯನ್ನು ಎಳೆದುಕೊಂಡು ಹೋಗುತ್ತಾರೆ ಎಂದೇ ನಾನು ತಿಳಿದಿದ್ದೆ. ಅವರ ಕತ್ತಿನ ನರ ಉಬ್ಬಿತ್ತು. ಪಂಚೆ ಎತ್ತಿ ಕಟ್ಟಿದರು. ಪಕ್ಕದಲ್ಲಿದ್ದಾಕೆಯ ಕೈಯಿಂದ ಎಮ್ಮೆಯ ಹಗ್ಗ ತೆಗೆದುಕೊಂಡರು.

"ನಾನೂ ದಾಟ್ಬೇಕು ಕಣ್ಲಾ. ಒಸಿ ದಾರಿ ಬುಡು," ಎಂದರು.

ಎಮ್ಮೆಯನ್ನು ಗೆಳೆಯನ ಮೈಗೆ ತಾಗಿಸಿಕೊಂಡೇ ಹೊಡೆದುಕೊಂಡು ಹೋದರು. ಅವನ ಇಸ್ತ್ರಿಯ ಪ್ಯಾಂಟಿಗೆ ಕೆಸರಾಯಿತು. ಯಾರೋ ಹೋ ಎಂದು ನಕ್ಕರು. ಓನರಮ್ಮ ನಗಲಿಲ್ಲ. ಗಂಡ ಆಚೆ ದಡ ಸೇರುವ ತನಕ ನೋಡಿ, ತಾವೂ ದಾಟಿದರು.

ಅದು ಒಂದೇ ದಿನಕ್ಕೆ ಮುಗಿಯಲಿಲ್ಲ. ಆಚೆ ಕೆಲಸವಿಲ್ಲದ ದಿನವೂ ಏನಾದರೂ ನೆಪ ಮಾಡಿಕೊಂಡು ಹೆಂಗಸರು ಅಲ್ಲೇ ದಾಟುತ್ತಲೇ ಇದ್ದರು. ಹೋಟೆಲಿನವನು ಬಯ್ದ, ಬೆದರಿಸಿದ, ಯಾರ್ಯಾರಿಗೋ ಫೋನು ಮಾಡಿದ. ಕೊನೆಗೆ ಒಂದು ಬೆಳಿಗ್ಗೆ ಡ್ರಿಲ್ಲಿಂಗ್ ಮೆಷಿನ್ನಿನ ಸದ್ದಿಗೆ ಎಚ್ಚರವಾಗಿ ಕಿಟಕಿಯಿಂದ ನೋಡಿದರೆ, ನಮ್ಮ ಬೀದಿಯ ಎದುರಿಗೆ ಗೋಡೆ ಒಡೆಯುತ್ತಿದ್ದರು. ಹಳೆಯ ಸಂದು ಬಿಟ್ಟರು. ರಸ್ತೆಗೆ ಬಿಳಿ ಪಟ್ಟಿಗಳನ್ನೂ ಬಳಿದರು.

ಅದನ್ನು ಬಿಡಿಸಿದವನು ಹೋಟೆಲಿನವನೇ. ಇಂಜಿನಿಯರ ಮೇಜಿನ ಮೇಲೆ ಬಿಟ್ಟು ಬಂದಿದ್ದ ನನ್ನ ಹಾಳೆಯಿಂದ ಏನೂ ಆಗಲಿಲ್ಲ. ಅದು ಬಹುಶಃ ಕಾಫಿ ಲೋಟದ ಕೆಳಗೆ ಹೋಗಿರಬೇಕು. ಬಳಸುವವರ ಕಷ್ಟ ಎಷ್ಟು ತೋರಿಸಿದರೂ ಕರಗದವರು, ಮಾರುವವನ ವ್ಯಾಪಾರಕ್ಕೆ ತಡೆ ಬಂದ ಕೂಡಲೇ ಸಿಮೆಂಟನ್ನೂ ಒಡೆದರು. ನಾನು ಓದಿದ ಓದಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಎದುರು ಕೂತು ಒಳ್ಳೆಯ ಮಾತಿನಲ್ಲಿ ವಿವರಿಸಿದರೆ ಎಲ್ಲರಿಗೂ ಅರ್ಥವಾಗುತ್ತದೆ ಎಂಬ ನಂಬಿಕೆ ನನ್ನಲ್ಲಿ ಅಲ್ಲಿಗೆ ಸತ್ತಿತು. ಇವತ್ತಿಗೂ ಮೀಟಿಂಗುಗಳಲ್ಲಿ ನನ್ನನ್ನು ಒರಟು ಎನ್ನುತ್ತಾರೆ. ಎನ್ನಲಿ.

ಇನ್ನು ಓನರು. ಸಂದು ಬಿಟ್ಟ ಮೇಲೆ ಅವರು ಅಂಗಡಿಯ ಮುಂದೆ ಮತ್ತೆ ನಿಲ್ಲತೊಡಗಿದರು. ರಾಮನಗರಕ್ಕೆ ಹೋಗಿ ತಾವೇ ಇಂಜಿನಿಯರನ್ನು ತರಾಟೆಗೆ ತೆಗೆದುಕೊಂಡ ಕಥೆಯನ್ನು ಬೀದಿಯವರಿಗೆ ಹೇಳುತ್ತಿದ್ದರು. ತಾಯಿಯನ್ನು ಕರಕೊಂಡು ಬನ್ನಿ ಎಂದದ್ದೂ ಆ ಕಥೆಯಲ್ಲಿ ಅವರ ಮಾತೇ ಆಗಿತ್ತು. ಒಂದೆರಡು ತಿಂಗಳಲ್ಲಿ ಗೆಳೆಯನ ಜೊತೆ ರಾಜಿಯೂ ಆಯಿತು. ಹೆಂಗಸರ ತಲೆ ಕೆಡಿಸಿದ್ದು ಮಹಡಿ ಮೇಲಿನ ಆ ಡಿಸೈನ್ ಮೇಡಮ್ಮು ಎಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಇಬ್ಬರು ಗಂಡಸರು ಮತ್ತೆ ಒಂದಾಗಲು ಮೂರನೆಯವರ ಮೇಲೆ ತಪ್ಪು ಹೊರಿಸುವುದು ಸುಲಭ. ಒಂದು ಬೆಳಿಗ್ಗೆ ಓನರು ಮೆಟ್ಟಿಲ ಕೆಳಗಿನಿಂದಲೇ, "ಮಗ ಬತ್ತಾನೆ, ಮನೆ ಬೇಕಾಗ್ತದೆ," ಎಂದರು. ಮಗ ಬರುವ ಸುದ್ದಿ ಅವನ ತಾಯಿಗೇ ಗೊತ್ತಿರಲಿಲ್ಲ. ನಾನು ಬೇಡಿಕೊಳ್ಳಲಿಲ್ಲ. ನನಗೂ ಅವರ ಮುಖ ಸಾಕಾಗಿತ್ತು.

ರಾಮನಗರದಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಮನೆ ಸಿಕ್ಕಿತು. ಸಾಮಾನು ಸಾಗಿಸುವ ದಿನ ಓನರು ಗೇಟಿನ ಹತ್ತಿರ ಕೈಕಟ್ಟಿ ನಿಂತು, ಗೋಡೆಗೆ ಎಲ್ಲಿ ಗೀರು ಬೀಳುತ್ತದೋ ಎಂದು ಕಾಯುತ್ತಿದ್ದರು. ಟೆಂಪೋ ಹೊರಡುವ ಹೊತ್ತಿಗೆ ಓನರಮ್ಮ ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು ಬಂದು ಡ್ರೈವರಿನ ಪಕ್ಕ ನನ್ನನ್ನು ಒತ್ತರಿಸಿ ಕೂತರು.

"ಎಲ್ಗೆ?" ಎಂದರು ಓನರು.

"ರಾಮ್ನಗ್ರಕ್ಕೆ. ಈ ಎಣ್ಣು ಎಂಥಾ ಮನೆಗೆ ಓಯ್ತಾಳೆ ನೋಡ್ಕೊಂಡು ಬತ್ತೀನಿ."

"ಮಧ್ಯಾನಕ್ಕೆ ಊಟ?"

"ಮಾಡ್ಕೋ."

ಟೆಂಪೋ ಹೊರಟಿತು. ಓನರಮ್ಮ ಹಿಂತಿರುಗಿ ನೋಡಲಿಲ್ಲ. ಹೊಸ ಮನೆಯಲ್ಲಿ ಪ್ರತಿಯೊಂದು ಬಾಗಿಲು ತೆಗೆದು, ಹಾಕಿ, ಬಚ್ಚಲಿನ ನಲ್ಲಿ ತಿರುಗಿಸಿ, ಅಡುಗೆಮನೆಯ ಶೆಲ್ಫು ಎತ್ತರವಾಯಿತು ಎಂದು ಅಲ್ಲೇ ಇದ್ದ ಹೊಸ ಓನರಿಗೆ ಬೈದರು. ಹಾಲು ಉಕ್ಕಿಸಿದರು. ಕೈಚೀಲದಲ್ಲಿ ಮುದ್ದೆ, ಅವರೆಕಾಳು ಸಾರು ತಂದಿದ್ದರು. ಬಿಚ್ಚದ ಮೂಟೆಗಳ ನಡುವೆ ಕೂತು ಇಬ್ಬರೂ ಉಂಡೆವು. ಗಂಡನ ಬಗ್ಗೆ ನಾನು ಒಂದು ಮಾತು ಅನ್ನಬೇಕೆಂದುಕೊಂಡೆ. ಅವರೇ, "ಅವ್ನು ಇರೋದೇ ಅಂಗೆ. ನಂಗೂ ಸಿಟ್ಟು ಓಗಿಲ್ಲ. ಓಗೋದೂ ಬ್ಯಾಡ," ಎಂದು ತಟ್ಟೆ ಎತ್ತಿಕೊಂಡು ಎದ್ದರು.

ಸಂಜೆ ಬಸ್ ಹತ್ತಿಸಲು ಹೋದೆ. ಬಸ್ಸಿನ ಮೆಟ್ಟಿಲು ನೆಲದಿಂದ ಬಹಳ ಎತ್ತರದಲ್ಲಿತ್ತು. ಓನರಮ್ಮ ಒಂದು ಕಾಲಿಟ್ಟು ಕಂಬಿ ಹಿಡಿದು ಜಗ್ಗಿಕೊಳ್ಳುತ್ತಿದ್ದಾಗ ಕಂಡಕ್ಟರು, "ಬೇಗ ಅತ್ತಮ್ಮೋ, ಟೈಮಾಯ್ತು," ಎಂದು ಸೀಟಿ ಊದಿದ. ಅವರು ಇಟ್ಟ ಕಾಲನ್ನು ಕೆಳಗಿಳಿಸಿ, ರಸ್ತೆಯ ಮೇಲೆ ನಿಂತು, ಸೊಂಟಕ್ಕೆ ಕೈಯಿಟ್ಟುಕೊಂಡು ಅವನನ್ನು ನೋಡಿದರು.

"ನಿಮ್ಮವ್ವ ಬಂದ್ರೂ ಇಂಗೇ ಸೀಟಿ ಊದ್ತೀಯೇನಪ್ಪ? ಕೆಳಕ್ಕಿಳ್ದು ಕೈ ಕೊಡು ಬಾ."

ಅವನು ಗೊಣಗಿಕೊಂಡು ಇಳಿದು ಬಂದ.